ಬೇಲಿಯ ಎರಡೂ ಕಡೆ ಕೋವಿ

ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಮನೆ ಇರುವುದು ಅರಕಲಗೂಡಿನ ಅಂಚಿನಲ್ಲಿ. ಬೇಲಿಯಾಚೆ ಒಬ್ಬ ಅಕ್ಕ ಇದ್ದಾಳೆ. ಅರ್ಧ ಎಕರೆಯಲ್ಲಿ ತರಕಾರಿ ಬೆಳೆದು ಸಂತೆಗೆ ಹಾಕುತ್ತಾಳೆ. ನನ್ನ ಹಿತ್ತಿಲಲ್ಲೂ ನಾಲ್ಕು ಸಾಲು ಅವರೆ, ಒಂದು ಸೀಬೆ ಮರ ಇವೆ. ಮೊದಲೆಲ್ಲ ನನ್ನ ಕ್ಲಾಸು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಆಮೇಲೆ ನಾವಿಬ್ಬರೂ ಬೇಲಿಯ ಸಂದಿಯಲ್ಲಿ ಚಾಪೆ ಹಾಸಿ, ಅವರೆಕಾಯಿ ಸುಲಿಯುತ್ತ ಊರಿನ ಸಮಾಚಾರವನ್ನೆಲ್ಲ ಜಾಲಾಡುತ್ತಿದ್ದೆವು. ಅಕ್ಕ ನಕ್ಕರೆ ಆಚೆ ಬೀದಿಗೆ ಕೇಳಿಸಬೇಕು.

ಹೋದ ವರ್ಷ ಕ್ಲಾಸುಗಳು ಮಧ್ಯಾಹ್ನದ ಮೇಲಕ್ಕೆ ಬಿದ್ದವು. ಚಾಪೆ ಅಟ್ಟ ಸೇರಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೋತಿಗಳು ಬಂದವು.

ಮೊದಲು ಕೋವಿ ತಂದವಳು ಅಕ್ಕ. ಪ್ಲಾಸ್ಟಿಕ್ ಪೈಪಿನದು, ಒಳಗೆ ಕಾರ್ಬೈಡ್ ಚೂರು, ಎರಡು ತೊಟ್ಟು ನೀರು, ಲೈಟರ್ ಒತ್ತಿದರೆ ಢಂ ಎನ್ನುತ್ತದೆ. ಕೋತಿಗಳೇನೂ ಊರು ಬಿಡಲಿಲ್ಲ, ಬೇಲಿ ಹಾರಿ ನನ್ನ ಸೀಬೆ ಮರ ಹತ್ತಿದವು. ನನಗೆ ಒಂದು ಮಾತೂ ಹೇಳದೆ ತಂದಳಲ್ಲ ಎಂದು ಹೊಟ್ಟೆ ಉರಿಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ, ಪಕ್ಕದ ಮನೆ ಅಕ್ಕ ತಂದಂಥದ್ದೇ ನನಗೂ ಒಂದು ಬೇಕೆಂದು ಕೇಳಿದೆ.

"ಆ ಅಕ್ಕಂಗೂ ನಾನೇ ಕೊಟ್ಟಿದ್ದು ಮೇಡಂ. ನಿಮ್ಗೆ ಅದುಕ್ಕಿಂತ ದಪ್ಪುಂದು ಕೊಡ್ತೀನಿ, ಸವುಂಡು ಕೆರೆ ಏರಿಗಂಟ ಓಯ್ತದೆ" ಎಂದು ಅಂಗಡಿಯವನು ಸಂತೋಷವಾಗಿ ಹೇಳಿದ.

ಕೋತಿಗಳು ವಾಪಸು ಅಕ್ಕನ ಟೊಮೆಟೊ ಸಾಲಿಗೆ ಹೋದವು. ಅಕ್ಕ ಇನ್ನೂ ಉದ್ದದ ಕೋವಿ ತಂದಳು. ನಾನು ಹುಲಿ ಗೊಂಬೆ ತಂದು ನಿಲ್ಲಿಸಿದೆ. ಅಕ್ಕ ತನ್ನ ನಾಯಿಗೆ ಹುಲಿಪಟ್ಟೆ ಬಳಿದಳು. ಆ ಬಡಪಾಯಿ ನನ್ನ ಗೊಂಬೆಯನ್ನು ನೋಡಿ ಹೆದರಿ ಮಂಚದ ಕೆಳಗೆ ಸೇರಿತು. ಮೊದಲಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು, ಆದರೆ ಅವತ್ತು ಜಗಳವಾಡಿದೆವು.

"ನಿನಗಿಂತ ನಾನೇ ಜಾಸ್ತಿ ಖರ್ಚು ಮಾಡಿದೀನಿ ಅಕ್ಕ" ಎಂದೆ.

"ನಿಮ್ಗೇನ್ ಮೇಡಮ್ಮ, ತಿಂಗ್ಳಾದ್ರೆ ಸಂಬ್ಳ ಬತ್ತದೆ, ಅದ್ರಲ್ಲಿ ಇದು ಒಂದು ಚಿಟಿಕೆ. ನಾನು ಸಂತೇಲಿ ದುಡ್ದಿದ್ದೆಲ್ಲ ಈ ಪೈಪಿಗೇ ಸುರೀತಾ ಇವ್ನಿ" ಎಂದು ಅಕ್ಕ ಒಳಗೆ ಹೋದಳು. ಅಲ್ಲಿಂದ ಮಾತು ನಿಂತಿತು. ಸೀಬೆ ಹೋದದ್ದಕ್ಕಿಂತ ಆ ಹರಟೆ ಹೋದದ್ದೇ ನನಗೆ ದೊಡ್ಡ ಬೇಜಾರು.

ಆ ವಾರ ಕಾಲೇಜಿನಲ್ಲಿ, ಜಗಳವಾಡುವ ಎರಡು ದೇಶಗಳ ಸೇನಾ ಖರ್ಚನ್ನು ಹೋಲಿಸುವ ಪಾಠವಿತ್ತು. ದೊಡ್ಡ ದೇಶ ಸುರಿಯುವ ಮೊತ್ತ ದೊಡ್ಡದು, ಆದರೆ ಅದರ ಆದಾಯದಲ್ಲಿ ಅದು ಸಣ್ಣ ಪಾಲು. ಚಿಕ್ಕ ದೇಶದ ಮೊತ್ತ ಸಣ್ಣದು, ಆದರೆ ಅದರ ಬೆನ್ನು ಮುರಿಯುವಷ್ಟು. ಆದ್ದರಿಂದ ತಾನೇ ನೊಂದವನು ಎಂದು ಇಬ್ಬರೂ ಲೆಕ್ಕ ತೋರಿಸಬಹುದು. ಅವನು ಕೊಂಡನೆಂದು ಇವನು, ಇವನು ಕೊಂಡನೆಂದು ಅವನು ಕೊಳ್ಳುತ್ತ ಹೋಗುತ್ತಾರೆ. ಎಷ್ಟೋ ಸಲ ಇಬ್ಬರಿಗೂ ಮಾರುವವನು ಒಬ್ಬನೇ. ಇದನ್ನು ಹೇಳುವಾಗ ಬಸ್‌ಸ್ಟ್ಯಾಂಡಿನ ಅಂಗಡಿ ಕಣ್ಣಿಗೆ ಕಟ್ಟಿತು. ಸೀಮೆಸುಣ್ಣ ಹಿಡಿದುಕೊಂಡೇ ನಕ್ಕುಬಿಟ್ಟೆ. ಮೇಡಂಗೆ ಏನಾಯಿತೆಂದು ಮಕ್ಕಳು ಮುಖ ಮುಖ ನೋಡಿಕೊಂಡರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನನಗೇ ಸರಿಹೊಂದಿತ್ತು.

ಭಾನುವಾರ ಅಟ್ಟದಿಂದ ಚಾಪೆ ಇಳಿಸಿ, ಕೋತಿಗಳು ಬಿಟ್ಟಿದ್ದ ಅವರೆಕಾಯಿಯನ್ನು ಕಿತ್ತು ಮೊರಕ್ಕೆ ಸುರಿದುಕೊಂಡು ಬೇಲಿಯ ಸಂದಿಯಲ್ಲಿ ಕೂತೆ. ಅಕ್ಕ ಬರದಿದ್ದರೆ ಏನು ಗತಿ ಎಂದು ನಿಜವಾಗಿ ಭಯವಾಗಿತ್ತು.

"ಅಕ್ಕಾ, ಸುಲಿಯೋಕೆ ಬರ್ತೀಯಾ?"

ಮೊದಲು ನಾಯಿ ಬಂತು, ಪಟ್ಟೆ ಅರ್ಧ ಅಳಿಸಿತ್ತು. ಹಿಂದೆಯೇ ಅಕ್ಕ ಬಂದು ಒಂದು ಕಾಯಿ ಹಿಚುಕಿ ನೋಡಿದಳು.

"ಇನ್ನೂ ಎಳೇವು. ನೋಡ್ಕಂಡು ಕೀಳಬಾರ್ದಾ" ಎಂದು ಬೈದು ಕೂತಳು.

ಎಷ್ಟೋ ದಿನದ ಸಮಾಚಾರ ಬಾಕಿ ಬಿದ್ದಿತ್ತು. ನಡುವೆ ಕೋತಿಗಳು ಗೋಡೆಯ ಮೇಲೆ ಸಾಲಾಗಿ ಬಂದು ಕೂತವು. ನಮ್ಮನ್ನೇ ನೋಡಿದವು, ಅಕ್ಕನ ನಗು ಕೇಳಿದವು, ಎದ್ದು ನಾಲೆಯ ಕಡೆ ಹೊರಟುಹೋದವು.

ಅಕ್ಕನ ಕೈ ನಿಂತಿತು. "ಅಲ್ಲ ಮೇಡಮ್ಮ, ನಾವು ದಿನಾ ಇಲ್ಲಿ ಕುಂತ್ಕತಿದ್ದಾಗ ಈ ಕ್ವಾತಿಗಳು ಯಾವತ್ತಾರ ಬಂದಿದ್ವಾ?"

ಮೊರದಲ್ಲಿದ್ದ ಕಾಯಿ ಮುಗಿಯುವವರೆಗೂ ನಾವು ಅಲ್ಲಿಂದ ಏಳಲಿಲ್ಲ.

ಸೋಮವಾರ ಪ್ರಿನ್ಸಿಪಾಲರ ಕೊಠಡಿಗೆ ಹೋಗಿ ಬೆಳಗಿನ ಕ್ಲಾಸುಗಳನ್ನೇ ಕೊಡಿ ಎಂದು ಕೇಳಿಕೊಂಡೆ. ಕಾರಣ ಏನಮ್ಮ ಎಂದರು.

"ಮಧ್ಯಾಹ್ನ ಗಡಿ ಕಾಯೋದಿದೆ ಸಾರ್, ಆಚೆ ಕಡೆಯವರ ಜೊತೆ ಕೂತ್ಕೊಂಡು" ಎಂದೆ.