ಗುರುದೇವಿ ಬಿಟ್ಟ ಹನಿ

ಗುರುದೇವಿ ಪಟಾನ್‌ಚೆರುವಿನ ಔಷಧಿ ಕಂಪನಿಯೊಂದರ ಪ್ರಯೋಗಾಲಯಕ್ಕೆ ಸೇರಿದ್ದು ಗಾಜಿನ ಸಾಮಾನು ತೊಳೆಯಲು. ಚಿತ್ತಾಪುರದ ಕಡೆಯವಳು, ಓದಿದ್ದು ಏಳನೆಯ ಇಯತ್ತೆ. ಮೆಹದಿಪಟ್ಟಣಂನಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ಆರು ವರ್ಷದಲ್ಲಿ ಅವಳ ಕೈಯಿಂದ ಒಂದು ಬಾಟಲಿಯೂ ಒಡೆದಿರಲಿಲ್ಲ. ಯಾವುದಕ್ಕೆ ಎಂಥ ಜಿಡ್ಡು ಅಂಟಿದೆ, ಅದು ಹೇಗೆ ಬಿಡುತ್ತದೆ ಎಂಬುದು ವಿಜ್ಞಾನಿಗಳಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಅಲ್ಲಿನ ವಿಜ್ಞಾನಿ, ಮೈಸೂರಿನ ಸುಹಾಸಿನಿ, ಒಂದು ದೈತ್ಯ ಅಣುವಿನ ಬೆನ್ನು ಹತ್ತಿದ್ದರು. "ಸೋಪಿನ ಹಾಗೇ ಗುರುದೇವಿ, ಆದ್ರೆ ತುಂಬಾ ದೊಡ್ಡದು" ಎಂದು ಒಮ್ಮೆ ಊಟಕ್ಕೆ ಕೂತಾಗ ವಿವರಿಸಿದ್ದರು. "ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ನೀರು ಕಂಡ್ರೆ ಆಗೋಲ್ಲ. ನೀರಿಗೆ ಬಿದ್ದಾಗ ಆ ತುದಿಗಳೆಲ್ಲ ಒಳಗೆ ಅವಿತುಕೊಂಡು, ಅಣುಗಳು ತಾವಾಗೇ ಉಂಡೆ ಕಟ್ಟಬೇಕು. ಅದರೊಳಗೆ ಔಷಧಿ ಇಟ್ಟು ಕಳಿಸಬಹುದು."

ಅವು ಉಂಡೆ ಕಟ್ಟಲಿಲ್ಲ. ನೀರು ಬೆರೆಸಿದೊಡನೆ ಒಡೆದ ಹಾಲಿನಂತಾಗಿ ತಳಕ್ಕೆ ಕೂರುತ್ತಿದ್ದವು. ಅದು ಎರಡು ಸಾವಿರದ ಇಸವಿ. ಸಹಾಯಕ ಮನೋಜ ಅಮೀರ್‌ಪೇಟೆಯಲ್ಲಿ ಜಾವಾ ಕಲಿತು ಸಾಫ್ಟ್‌ವೇರ್ ಕಂಪನಿಗೆ ಹೋದ. ಅವನ ಜಾಗಕ್ಕೆ ಯಾರೂ ಸಿಗಲಿಲ್ಲ. ಮೂರು ತಿಂಗಳಲ್ಲಿ ಏನೂ ಆಗದಿದ್ದರೆ ಕೆಲಸ ನಿಲ್ಲಿಸಿ ಎಂದರು ಮೇಲಿನವರು.

ಒಂದು ಮಧ್ಯಾಹ್ನ ಸುಹಾಸಿನಿ ದ್ರಾವಣ ಬೆಳ್ಳಗೆ ಒಡೆದ ಮತ್ತೊಂದು ಬಾಟಲಿ ಹಿಡಿದು ಕೂತಿದ್ದರು. ಗುರುದೇವಿಗೆ ತಡೆಯಲಾಗಲಿಲ್ಲ.

"ಮೇಡಂ, ಸಿಟ್ಟಾಗಬ್ಯಾಡ್ರಿ. ಹೋಳಿ ಹಬ್ಬದ ಹೊತ್ತಿಗೆ ಒಂದು ಬಾಟ್ಲಿ ಬೆಳ್ಳಗಾಗಿರ್ಲಿಲ್ರಿ. ತಿಳಿನೀಲಿ ಕಾಣಾಕತ್ತಿತ್ತು. ಮನೋಜ ಸಾಹೇಬ್ರು ಕೆಟ್ಟೈತಿ, ಚೆಲ್ಲು ಅಂದ್ರು. ಚೆಲ್ಲಿಬಿಟ್ಟೀನ್ರಿ."

ಸುಹಾಸಿನಿ ತಟ್ಟನೆ ಎದ್ದು ನಿಂತರು. "ನೀಲೀನಾ? ಸಣ್ಣ ಸಣ್ಣ ಉಂಡೆ ಕಟ್ಟಿದ್ರೇನೇ ಹಾಗೆ ಕಾಣೋದು. ಅವತ್ತು ಏನಾಗಿತ್ತು, ನೆನಪು ಮಾಡ್ಕೊಳ್ಳಿ."

"ನೀರು ಬಿಡೋ ನಳಿಗಿ ಬಾಯಾಗ ಏನೋ ಸಿಕ್ಕೊಂಡಿತ್ರಿ. ಮುಂಜಾನಿ ಹಚ್ಚಿದ್ದು ಸಂಜಿತನಕ ಒಂದೊಂದೇ ಹನಿ ಬಿದ್ದಿತ್ತು."

ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿ ನಿಂತವಳ ಭುಜ ಹಿಡಿದು ಸುಹಾಸಿನಿ ತಮ್ಮ ಕುರ್ಚಿಯಲ್ಲೇ ಕೂರಿಸಿದರು. "ನಾವು ಅವಸರ ಮಾಡಿದ್ವಿ. ಅಣುಗಳಿಗೆ ಸಾಲಾಗಿ ನಿಲ್ಲೋಕೆ ಹೊತ್ತೇ ಕೊಡಲಿಲ್ಲ. ನಾಳೆ ನೀವೇ ಹನಿ ಬಿಡಿ."

"ನಾನಾ?"

"ನಿಮ್ಮಷ್ಟು ತಾಳ್ಮೆಯ ಕೈ ಇಲ್ಲಿ ಇನ್ನ್ಯಾರದಿದೆ?"

ಮರುದಿನ ಬೆಳಿಗ್ಗೆ ಎಂಟಕ್ಕೆ ಗುರುದೇವಿ ನಳಿಕೆಯ ತಿರುಪು ಹಿಡಿದಳು. ಗಡಿಯಾರ ನೋಡಿ ಒಂದು ಹನಿ, ಅದು ಪೂರ್ತಿ ಬೆರೆತ ಮೇಲೆ ಇನ್ನೊಂದು. ಬುತ್ತಿ ಬಿಚ್ಚಲಿಲ್ಲ. ಬೆನ್ನು ಸೆಟೆದುಕೊಂಡಿತು, ತಿರುಪು ಹಿಡಿದ ಬೆರಳುಗಳು ಮಾತ್ರ ನಡುಗಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಕಿಟಕಿಯ ಬಿಸಿಲಿನಲ್ಲಿ ದ್ರಾವಣ ತೆಳುವಾಗಿ ನೀಲಿಗೆ ತಿರುಗಿತು. ಇಬ್ಬರೂ ಕಾದರು. ತಳದಲ್ಲಿ ಏನೂ ಕೂರಲಿಲ್ಲ.

ವಾರದ ನಂತರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಬಂತು. ಒಂದೇ ಅಳತೆಯ ದುಂಡನೆಯ ಉಂಡೆಗಳು, ನೂರಾರು. ಗುರುದೇವಿ ಬಹಳ ಹೊತ್ತು ನೋಡಿ, "ಯಾರೂ ಕೈ ಹಚ್ಚದೆ ತಾವಾ ಕಟ್ಟ್ಯಾವಲ್ರಿ" ಎಂದಳು.

ಇದರ ಬಗ್ಗೆ ಬರೆದ ಸಂಶೋಧನಾ ಪ್ರಬಂಧದಲ್ಲಿ ಅವಳ ಹೆಸರು ಹಾಕುವುದಕ್ಕೆ ಕಂಪನಿಯ ಮ್ಯಾನೇಜರು ಒಪ್ಪಲಿಲ್ಲ. "ಹಾಗಾದ್ರೆ ನನ್ನ ಹೆಸರೂ ಬೇಡ" ಎಂದರು ಸುಹಾಸಿನಿ. ಕೊನೆಗೆ ಇಬ್ಬರ ಹೆಸರೂ ಅಚ್ಚಾದವು. ಗುರುದೇವಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟು ನೋಡಿದಳು.

ಆಮೇಲೆ ದೊಡ್ಡ ದೊಡ್ಡ ಪದವಿಯ ಹುಡುಗ ಹುಡುಗಿಯರು ಆ ಪ್ರಯೋಗಾಲಯಕ್ಕೆ ಬಂದರು. ಸುಹಾಸಿನಿ ಮೊದಲ ವಾರ ಅವರನ್ನೆಲ್ಲ ಗುರುದೇವಿಯ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು.