ಬೊಂಬಾಯಿಗೆ ಹೊರಟ ಬೇಸ್‌ಬಾಲ್ ಕಾರ್ಡು

ಎಂಬತ್ತರ ದಶಕದಲ್ಲಿ ನಾವು ನಾಲ್ಕೈದು ಮಂದಿ ಅಂಚೆಚೀಟಿ ಸಂಗ್ರಾಹಕರು ಉಡುಪಿಯ ಒಂದು ಹೋಟೆಲಿನ ಮಾಳಿಗೆಯಲ್ಲಿ ಭಾನುವಾರ ಸೇರುತ್ತಿದ್ದೆವು. ಒಮ್ಮೆ ಶಂಕರಪುರದ ಮಲ್ಲಿಗೆ ವ್ಯಾಪಾರಿ ಫೆಲಿಕ್ಸ್, ಹಡಗಿನಲ್ಲಿ ದುಡಿಯುವ ತಮ್ಮ ತಂದುಕೊಟ್ಟ ಹಳೆಯ ಬೇಸ್‌ಬಾಲ್ ಕಾರ್ಡೊಂದನ್ನು ಮೇಜಿನ ಮೇಲಿಟ್ಟ. ಅದರಲ್ಲಿ ದೊಣ್ಣೆ ಹಿಡಿದ ಅಮೆರಿಕದ ಆಟಗಾರನೊಬ್ಬನ ಚಿತ್ರವಿತ್ತು; ನಾವು ಅಂಚೆಚೀಟಿ ಕೂಡಿಡುವಂತೆ ಅಲ್ಲಿಯವರು ಇಂಥ ಕಾರ್ಡುಗಳನ್ನು ಕೂಡಿಡುತ್ತಾರಂತೆ. ಆ ಆಟವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಆದರೆ ಹರಾಜಿನಲ್ಲಿ ಅದಕ್ಕೆ ಎಷ್ಟು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

“ಒಂದು ಕಾರು ಖಂಡಿತ,” ಎಂದರು ಕಾಪುವಿನ ಜವಳಿ ಅಂಗಡಿಯ ಹಮೀದ್ ಸಾಹೇಬರು.

“ಕಾರು ಎಂತದ್ದು ಮಾರಾಯ್ರೆ, ಮನೆಯೇ ಬರ್ತದೆ,” ಎಂದ ಫೆಲಿಕ್ಸ್. “ಮದುವೆ ಸೀಸನ್ ನೋಡಿ ಮಾರಬೇಕು. ಅಮೆರಿಕದಲ್ಲಿ ಅದು ಯಾವಾಗ?”

ನಾನು ಕೆಲಸದ ಮೇಲೆ ಬೊಂಬಾಯಿಗೆ ಹೋಗುವವನಿದ್ದೆ. ಅಲ್ಲಿನ ಹರಾಜಿನವರಿಗೆ ಕಾರ್ಡು ತೋರಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಹೊರಡುವ ದಿನ ಫೆಲಿಕ್ಸ್ ಬಸ್ಸಿನ ಹತ್ತಿರ ಬಂದು ಬಾಳೆಎಲೆಯ ಕಟ್ಟೊಂದನ್ನು ಕೈಗಿತ್ತ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹೂವು ಯಾಕೆ? ಕಾರ್ಡು ಎಲ್ಲಿ?” ಎಂದೆ.

“ಅದರೊಳಗೇ ಉಂಟು. ಭಾರೀ ಬೆಲೆಯ ಮಾಲು, ಬೊಂಬಾಯಿಗೆ ಹೋಗ್ಲಿಕ್ಕುಂಟು, ಜಾಗ್ರತೆಯಲ್ಲಿ ಕಟ್ಟು ಅಂತ ಹೆಂಡತಿಗೆ ಹೇಳಿದ್ದೆ.”

ಬಿಚ್ಚಿದೆವು. ಆಕೆ ದಿನಾ ಮಲ್ಲಿಗೆಗೆ ಮಾಡುವಂತೆಯೇ ಧಾರಾಳ ನೀರು ಚಿಮುಕಿಸಿ, ಬಾಳೆನಾರಿನಿಂದ ಬಿಗಿದಿದ್ದಳು. ಆಟಗಾರನ ಮುಖ ಎಲೆಗೆ ಅಂಟಿಕೊಂಡಿತ್ತು. ಕಾರ್ಡಿನಲ್ಲಿ ದೊಣ್ಣೆ ಮಾತ್ರ ಉಳಿದಿತ್ತು.

ಕಂಡಕ್ಟರ್ ಸೀಟಿ ಊದಿದ. ಫೆಲಿಕ್ಸ್ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದ.

“ಎಲೆಯನ್ನೂ ಒಟ್ಟಿಗೆ ಕೊಟ್ಟರೆ, ಒಂದು ಸ್ಕೂಟರಾದರೂ ಬರ್ಲಿಕ್ಕಿಲ್ವಾ?”