ಕಂಬಳಿ ಹೊದ್ದವನೇ ಕಳ್ಳ

ಆಗ ನಾನು ಒಂದು ವಾರಪತ್ರಿಕೆಗೆ ಮಕ್ಕಳ ಚಿತ್ರಕಥೆ ಬರೆಯುತ್ತಿದ್ದೆ; ಕಥೆಯೂ ಚಿತ್ರವೂ ನನ್ನವೇ. ಮಸ್ಕಿಯಲ್ಲಿ ಬಸ್ಸಿಗೆ ಕಾಯುವಾಗ ಗುರುಗುಂಟಾದ ಕುರಿ ಕಾಯುವ ಮುದುಕನೊಬ್ಬ ಕಂಬಳಿ ಹೊದ್ದು ಪಕ್ಕದಲ್ಲಿ ಕೂತು, ನನ್ನ ಕೈಯಲ್ಲಿದ್ದ ಆ ಪತ್ರಿಕೆಯೊಳಗೆ ಇಣುಕಿದ.

“ಇವಾ ಕಳ್ಳ ಅಲ್ರೀ?” ಎಂದು ನಾನು ಬರೆದ ಒಂದು ಚಿತ್ರದ ಮೇಲೆ ಬೆರಳಿಟ್ಟ.

“ನಿಮಗ ಓದಾಕ ಬರ್ತದೇನು?”

“ಇಲ್ರೀ. ಕಂಬಳಿ ಹೊದ್ದಾನಲ್ರೀ. ನನ್ನ ಮೊಮ್ಮಗಳು ಈ ಪುಸ್ತಕ ತಂದು ತೋರಸ್ತಾಳ. ಪ್ರತಿಸಲ ಕಂಬಳಿಯವನೇ ಕದೀತಾನ, ಬಿಳಿ ಅಂಗಿಯವ ಹಿಡೀತಾನ. ಈಗ ಆಕಿ ನನ್ನ ಜೋಡಿ ಸಂತಿಗೆ ಬರಾಕ ನಾಚ್ಕೋತಾಳ್ರೀ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಚಿತ್ರದ ಮೇಲಿನ ಬೆರಳು ತೆಗೆದು ಕೇಳಿದ: “ಈ ಚಿತ್ರ ಬರದಾವನ ಮನ್ಯಾಗ ನಮ್ಮವರು ಯಾರರ ಕಳವು ಮಾಡ್ಯಾರೇನ್ರೀ?”

“ಗೊತ್ತಿಲ್ರೀ” ಎಂದೆ. ಯಾರೂ ಏನೂ ಕದ್ದಿರಲಿಲ್ಲ. ಹಾಗೆ ಬರೆಯುವುದು ನನ್ನ ಕೈಗೆ ರೂಢಿಯಾಗಿತ್ತು, ಅಷ್ಟೇ.

ಮುಂದಿನ ಕಥೆಯಲ್ಲಿ ಕಳ್ಳನಿಗೆ ಬಿಳಿ ಅಂಗಿ ತೊಡಿಸಿದೆ. ಕಳ್ಳ ಯಾರೆಂದು ಮಕ್ಕಳಿಗೆ ತಿಳಿಯುವುದಿಲ್ಲವೆಂದು ಸಂಪಾದಕರು ಹಿಂದಕ್ಕೆ ಕಳಿಸಿದರು. ಹೊಟ್ಟೆಪಾಡಿಗೆ ನನಗೆ ಬೇರೆ ಕೆಲಸವಿರಲಿಲ್ಲ. ಕಂಬಳಿ ಹೊದಿಸಿ ಮತ್ತೆ ಕಳಿಸಿದೆ, ಅಚ್ಚಾಯಿತು.

ಆಮೇಲೆ ಬಸ್ಸಿನಲ್ಲಿ ಯಾರಾದರೂ ಕಸುಬು ಕೇಳಿದರೆ, ಕಾಲುವೆ ಆಫೀಸಿನ ಗುಮಾಸ್ತ ಎಂದು ಸುಳ್ಳು ಹೇಳುತ್ತಿದ್ದೆ. ಅವರು ಕೂಡಲೇ “ನೀರು ಯಾವಾಗ ಬಿಡ್ತೀರಿ?” ಎನ್ನುತ್ತಿದ್ದರು. ಅದಕ್ಕೂ “ಗೊತ್ತಿಲ್ರೀ” ಎನ್ನುತ್ತಿದ್ದೆ.